ಉಪದೇಶಿ ಇನ್ನಾಸಪ್ಪನಿಗೆ ನಿತ್ಯ ವಿಶ್ರಾಂತಿ

ಶಾಲೆ ಹೊಳೆ ದಂಡೆಯಲ್ಲಿತ್ತು. ಯಾವ ಹೊಳೆ ಅಂತ ಕೇಳಬೇಡಿ. ಹೇಳಿದರೆ ಆ ಕಡೆಯವರೆಲ್ಲ ಅದು ನಮ್ಮದೇ ಶಾಲೆ ಅಂತ ಜಗಳಕ್ಕೆ ಬರುತ್ತಾರೆ.

ಕನ್ಯಾಮಠದ ಸಿಸ್ಟರುಗಳು ನಡೆಸುತ್ತಿದ್ದ ಶಾಲೆ. ಹೆಂಚಿನ ಸೂರು, ನಾಲ್ಕು ಕೋಣೆ, ಪಕ್ಕದಲ್ಲಿ ಚರ್ಚು, ಹಿಂದೆ ಸಮಾಧಿ ಜಾಗ.

ಅಲ್ಲಿ ಒಂದು ಪದ್ಧತಿ ಇತ್ತು. ದಿನಾ ಪಾಠ ಶುರುಮಾಡುವ ಮುಂಚೆ, ಈ ವಿದ್ಯೆಯನ್ನು ತನಗೆ ಕಲಿಸಿದವರು ಯಾರು ಅಂತ ಟೀಚರು ಮಕ್ಕಳಿಗೆ ಹೇಳಬೇಕು. ಹೆಸರು ಹಿಡಿದು ಹೇಳಬೇಕು.

ಆಗ ಮಕ್ಕಳು ಕೇಳುತ್ತಾರೆ, "ಇದ್ದಾರಾ, ಇಲ್ವಾ?"

ಇದ್ದಾರೆ ಅಂದರೆ ಮಕ್ಕಳೆಲ್ಲ ಒಟ್ಟಿಗೆ, "ದೇವರು ಅವರನ್ನ ಚೆನ್ನಾಗಿಟ್ಟಿರಲಿ" ಅನ್ನುತ್ತಾರೆ. ಇಲ್ಲ ಅಂದರೆ, "ದೇವರು ಅವರಿಗೆ ನಿತ್ಯ ವಿಶ್ರಾಂತಿ ಕೊಡಲಿ" ಅನ್ನುತ್ತಾರೆ. ಆಮೇಲೆ ಪಾಠ.

ಗೊತ್ತಿದ್ದರೂ ದಿನಾ ಕೇಳಬೇಕು. ನಿನ್ನೆ ಇದ್ದವರು ಇವತ್ತೂ ಇರಬೇಕು ಅಂತೇನಿಲ್ಲವಲ್ಲ.

ಇದನ್ನು ಶುರುಮಾಡಿದವರು ಶಾಲೆ ಕಟ್ಟಿದ ಫ್ರಾನ್ಸ್ ದೇಶದ ಸ್ವಾಮಿ. ಪಾದ್ರಿಗಳನ್ನು ನಮ್ಮಲ್ಲಿ ಸ್ವಾಮಿ ಅನ್ನುವುದು. ಅವರ ಹೆಸರಿಗೆ ಊರವರ ನಾಲಿಗೆ ತಿರುಗಲಿಲ್ಲ. ಆಳು ಉದ್ದ ಇದ್ದರು, ಅದಕ್ಕೆ ಉದ್ದನೆ ಸ್ವಾಮಿ ಅಂದರು. ಮೊದಲ ದಿನ ಅವರು ಹಲಗೆಯ ಮೇಲೆ ಅಕ್ಷರ ಬರೆದಾಗ ಮಕ್ಕಳು ನಕ್ಕರಂತೆ, ಬಿಳೀ ಸ್ವಾಮಿ ಬಂದು ನಮಗೆ ನಮ್ಮ ಅಕ್ಷರ ಕಲಿಸೋದಾ ಅಂತ.

ಸ್ವಾಮಿಯವರಿಗೆ ಸಿಟ್ಟು ಬರಲಿಲ್ಲ.

"ಇದು ನನ್ನದಲ್ಲ," ಅಂದರಂತೆ. "ಪಕ್ಕದ ಊರಿನ ಕೂಲಿಮಠದ ಪುಟ್ಟವೀರಯ್ಯನವರು ನನಗೆ ಕಲಿಸಿದ್ದು. ನನ್ನ ಬೆರಳು ಹಿಡಿದು ಮರಳಿನ ಮೇಲೆ ತೀಡಿಸಿದರು. ಅವರು ಕೊಟ್ಟಿದ್ದನ್ನ ನಿಮಗೆ ಕೊಡ್ತಿದ್ದೀನಿ."

ಹಿಂದಿನ ಸಾಲಿನಿಂದ ಯಾರೋ ಕೇಳಿದರಂತೆ, "ಅವರು ಇದ್ದಾರಾ, ಇಲ್ವಾ?" ಅಲ್ಲಿಂದ ಶುರುವಾದದ್ದು.

ನಾನು ಆ ಶಾಲೆಯಲ್ಲಿ ಓದಿದವಳು. ಭಾಗಾಕಾರ ಮರೆತಿದ್ದೇನೆ, ಹೆಸರುಗಳನ್ನು ಮರೆತಿಲ್ಲ. ಹೊಲಿಗೆ ಸಿಸ್ಟರಿಗೆ ಕಾಜ ಹಾಕುವುದು ಕಲಿಸಿದವರು ಹಡಗಲಿಯ ತಂಗೆವ್ವ ಅನ್ನುವ ಮುದುಕಿ. ಅಳತೆಯ ಲೆಕ್ಕದ ಮೇಷ್ಟ್ರಿಗೆ ಕಲಿಸಿದವರು ಬಡಗಿ ಖಾದರ್ ಸಾಬರು. ಹಾಡು ಹೇಳಿಕೊಡುವವರಿಗೆ ಕಲಿಸಿದವರು ಕುರುಡು ಪಿಟೀಲು ಸಂತಪ್ಪ. ಅವರು ಯಾರನ್ನೂ ನಾನು ಕಣ್ಣಲ್ಲಿ ಕಂಡಿಲ್ಲ. ಆದರೂ ಇವತ್ತಿಗೂ ಕಾಜ ಹಾಕುವಾಗ ತಂಗೆವ್ವನಿಗೆ ಒಂದು ವಿಶ್ರಾಂತಿ ಹೇಳಿಬಿಡುತ್ತೇನೆ, ತಾನಾಗಿಯೇ ಬರುತ್ತದೆ.

ಈಗ ಕಥೆಗೆ ಬರೋಣ.

ಸಗಾಯ ಮೇರಿ ಅಲ್ಲಿ ಟೀಚರಾದಾಗ ಅವಳಿಗೆ ಇಪ್ಪತ್ತೆರಡು. ನನಗೆ ಓದು ಕಲಿಸಿದವಳೇ ಅವಳು, ಬಹುವಚನ ಕೊಡಬೇಕು ನಿಜ. ಆದರೆ ಈ ಕಥೆಯಲ್ಲಿ ಅವಳೇ ಶಿಷ್ಯೆ. ಅವಳು ಅಂತಲೇ ಹೇಳುತ್ತೇನೆ, ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹದಿನೈದನೇ ವಯಸ್ಸಿಗೆ ಒಂದು ತಗಡಿನ ಟ್ರಂಕು ಹಿಡಿದು ಮಠಕ್ಕೆ ಬಂದಿದ್ದಳು. ಆಮೇಲೆ ಮನೆ ಕಡೆ ಹೋಗಲೇ ಇಲ್ಲ. ಅವಳನ್ನು ಇಟ್ಟುಕೊಂಡು ಓದಿಸಿ, ಟೀಚರ ಕೆಲಸಕ್ಕೆ ತಯಾರು ಮಾಡಿದವರು ಸಿಸ್ಟರ್ ಅನಸ್ತಾಸಿಯಾ. ಊರವರಿಗೆಲ್ಲ ಅವರು ಅನಸ್ತಮ್ಮ. ಎಪ್ಪತ್ತು ದಾಟಿತ್ತು. ಮೊಣಕಾಲು ಮಾತು ಕೇಳುತ್ತಿರಲಿಲ್ಲ, ಕಿವಿ ಮಾತ್ರ ಬಲು ಚುರುಕು.

ಜೂನಿನ ಮೊದಲ ದಿನ ಅನಸ್ತಮ್ಮ ಅವಳನ್ನು ಕರೆದರು.

"ಎರಡನೇ ಕ್ಲಾಸಿಗೆ ಓದೋದು ಇವತ್ತಿಂದ ನೀನು ಹೇಳಿಕೊಡು. ಮೊದಲು ಹೆಸರು ಹೇಳೋದು ಮರೀಬೇಡ."

"ನಿಮ್ಮ ಹೆಸರೇ ಹೇಳ್ತೀನಿ ಸಿಸ್ಟರ್."

"ನಾನೆಲ್ಲಿ ಕಲಿಸಿದೆ? ನೀನು ಬರುವಾಗಲೇ ನೀರು ಕುಡಿದ ಹಾಗೆ ಓದ್ತಿದ್ದೆ."

ಸಗಾಯ ಪುಸ್ತಕ ತೆಗೆದುಕೊಂಡು ಹೊರಟಳು.

ಅವಳಿಗೆ ಓದು ಕಲಿಸಿದವರು ಅವಳ ಅಪ್ಪ ಇನ್ನಾಸಪ್ಪ. ಹೊಳೆ ಮೇಲಕ್ಕೆ ಎರಡು ಗಂಟೆ ನಡೆದರೆ ಸಿಗುವ ನೇರಳಹಟ್ಟಿಯ ಉಪದೇಶಿ. ಉಪದೇಶಿ ಅಂದರೆ ಸ್ವಾಮಿಯವರು ಬರಲಾಗದ ಹಳ್ಳಿಯಲ್ಲಿ ಜಪ ಹೇಳಿಸುವವರು, ಮಕ್ಕಳಿಗೆ ಮಂತ್ರ ಕಲಿಸುವವರು, ಸತ್ತವರಿಗೆ ಮಣ್ಣು ಕೊಡಿಸುವವರು. ಇನ್ನಾಸಪ್ಪ ಇದರ ಜೊತೆಗೆ ಊರಿನ ಮಕ್ಕಳಿಗೆಲ್ಲ ಜಾತಿ ಮತ ನೋಡದೆ ಓದು ಕಲಿಸುತ್ತಿದ್ದರು.

ಆಮೇಲೆ ಕುಡಿತ ಹತ್ತಿಕೊಂಡಿತು. ಹೇಗೆ ಹತ್ತಿಕೊಂಡಿತೋ ನಾನು ಹೇಳಲಾರೆ, ಅವರೇ ಹೇಳಲಾರರು.

ಒಂದು ಶುಭ ಶುಕ್ರವಾರ ಶಿಲುಬೆ ಹಾದಿ ನಡೆಸುತ್ತಿದ್ದರು, ಯೇಸುಸ್ವಾಮಿ ಶಿಲುಬೆ ಹೊತ್ತದ್ದನ್ನು ನೆನೆದು ಹದಿನಾಲ್ಕು ಸ್ಥಳಗಳಲ್ಲಿ ನಿಂತು ಜಪ ಹೇಳುವ ಮೆರವಣಿಗೆ. ಊರೆಲ್ಲ ಹಿಂದೆ ಇತ್ತು. ಮಗಳು ಪಕ್ಕದಲ್ಲಿ ಮೇಣದ ಬತ್ತಿ ಹಿಡಿದಿದ್ದಳು. ಯೇಸುಸ್ವಾಮಿ ಮೊದಲ ಸಲ ಬೀಳುವ ಮೂರನೇ ಸ್ಥಳಕ್ಕೆ ಬಂದಾಗ ಉಪದೇಶಿಯೂ ಬಿದ್ದರು. ಎತ್ತಲು ಬಗ್ಗಿದ ಮಗಳನ್ನು ಎಲ್ಲರೆದುರು ತಳ್ಳಿದರು. ಜನ ನಗಬಾರದ ದಿನ ನಕ್ಕರು.

ಉಪದೇಶಿ ಕೆಲಸ ಹೋಯಿತು. ಊರಲ್ಲಿ ಅವರಿಗೆ 'ಮೂರನೇ ಸ್ಥಳ' ಅಂತ ಹೆಸರು ಬಿತ್ತು. ಇವಳು ಮೂರನೇ ಸ್ಥಳದ ಮಗಳಾದಳು. ಟ್ರಂಕು ಹಿಡಿದು ಹೊರಟಿದ್ದು ಆ ವರ್ಷವೇ.

ಇಷ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಸಗಾಯ ಕ್ಲಾಸಿಗೆ ಬಂದಳು. ನಾವು ನಲವತ್ತೊಂದು ಮಕ್ಕಳು ಕೈಕಟ್ಟಿ ಕೂತಿದ್ದೆವು.

"ನನಗೆ ಓದೋದು ಕಲಿಸಿದವರು..." ಅಂದಳು. "ನಮ್ಮಪ್ಪ. ಇನ್ನಾಸಪ್ಪ."

ಸುಳ್ಳು ಹೆಸರು ಹೇಳಬೇಕು ಅಂತಲೇ ಬಂದಿದ್ದಳಂತೆ. ಬಾಯಿ ತೆರೆದರೆ ನಿಜವೇ ಬಂತು.

"ಇದ್ದಾರಾ, ಇಲ್ವಾ?" ಅಂತ ನಾವು ಕೇಳಿದೆವು.

ಇದ್ದಾರೆ ಅಂದರೆ ಮುಗಿಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಎಲ್ಲಿದ್ದಾರೆ, ಏನು ಮಾಡುತ್ತಾರೆ, ಒಂದು ಸಲ ಕರ್ಕೊಂಡು ಬನ್ನಿ ಅಂತ ನಾವು ಜೀವ ತಿನ್ನುತ್ತಿದ್ದೆವು. ಬಡಗಿ ಸಾಬರನ್ನು ಹಾಗೆಯೇ ಕರೆಸಿಕೊಂಡವರು ನಮ್ಮ ಹಿಂದಿನವರು.

"ಇಲ್ಲ," ಅಂದಳು.

ನಲವತ್ತೊಂದು ಮಕ್ಕಳು ಒಂದೇ ದನಿಯಲ್ಲಿ ಹೇಳಿದೆವು, "ದೇವರು ಅವರಿಗೆ ನಿತ್ಯ ವಿಶ್ರಾಂತಿ ಕೊಡಲಿ."

ಹೊರಗೆ ಜಗಲಿಯ ಮೇಲೆ ಕೂತಿದ್ದ ಅನಸ್ತಮ್ಮ ತಲೆ ಎತ್ತಿ ನೋಡಿದರು.

ಆ ಸಂಜೆ ಹೊಳೆ ಮೆಟ್ಟಿಲ ಮೇಲೆ ಗುರು ಅನಸ್ತಮ್ಮ ಕೂತಿದ್ದರು. ಶಿಷ್ಯೆ ಬಂದು ಒಂದು ಮೆಟ್ಟಿಲು ಕೆಳಗೆ ಕೂತಳು.

"ನಿಮ್ಮಪ್ಪ ತೀರ್ಕೊಂಡ್ರಂತೆ. ನನಗೆ ಹೇಳಲೇ ಇಲ್ಲ ನೀನು."

"ನನ್ನ ಪಾಲಿಗೆ ತೀರ್ಕೊಂಡ ಹಾಗೇ ಸಿಸ್ಟರ್."

"ಮಕ್ಕಳು ನಿನ್ನ ಪಾಲಿಗೆ ಅಂತ ಕೇಳಲಿಲ್ಲ."

"ತಪ್ಪಾಯ್ತು. ಬೈರಿ ನನ್ನ."

"ಬೈದರೆ ನಿನಗೆ ಹಗುರಾಗುತ್ತೆ. ಅದು ನನಗೆ ಬೇಡ."

"ಹಾಗಾದ್ರೆ ಏನು ಮಾಡಲಿ?"

"ನಾಳೆ ಮಕ್ಕಳು ಮತ್ತೆ ಕೇಳ್ತಾರೆ. ನಾಡಿದ್ದೂ ಕೇಳ್ತಾರೆ."

"ಮಕ್ಕಳ ಮುಂದೆ ನಾನು ಏನಂತ ಹೇಳಲಿ ಸಿಸ್ಟರ್? ನಮ್ಮಪ್ಪ ಕುಡುಕ ಅಂತಲಾ?"

"ಕುಡಿಯೋದು ಅವರು ನಿನಗೆ ಕಲಿಸಿದ್ರಾ?"

"ಇಲ್ಲ."

"ಮತ್ತೆ ಕಲಿಸದೇ ಇದ್ದದ್ದನ್ನ ಯಾಕೆ ಹೇಳ್ತೀಯ?"

ಇಷ್ಟು ಹೇಳಿ ಅನಸ್ತಮ್ಮ ಮೊಣಕಾಲು ಹಿಡಿದುಕೊಂಡು ಎದ್ದರು. ಸಗಾಯ ಕತ್ತಲಾಗುವ ತನಕ ಅಲ್ಲೇ ಕೂತಿದ್ದಳು.

ಮಾರನೇ ದಿನ ನಾವು ಕೇಳಿದೆವು. ಅವಳು ಇಲ್ಲ ಅಂದಳು. ಅದರ ಮಾರನೇ ದಿನವೂ ಇಲ್ಲ ಅಂದಳು. ಒಂದು ಸುಳ್ಳು ದಿನಾ ಬೆಳಿಗ್ಗೆ ಎದ್ದು ಹೇಳಬೇಕಾದರೆ ಎಷ್ಟು ಕಷ್ಟ ಅಂತ ನನಗೆ ಈಗ ಅನ್ನಿಸುತ್ತದೆ. ಆಗ ನಮಗೇನು ಗೊತ್ತು, ಪಾಪ ಟೀಚರಿಗೆ ಅಪ್ಪ ಇಲ್ಲ ಅಂತ ಇನ್ನಷ್ಟು ಜೋರಾಗಿ ಹೇಳುತ್ತಿದ್ದೆವು.

ಪಾಠ ಮಾತ್ರ ಚೆಂದ ಮಾಡುತ್ತಿದ್ದಳು. ಅಪ್ಪನ ರೀತಿಯಲ್ಲೇ ಮಾಡುತ್ತಿದ್ದಳು. ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟ ಈಚಲ ಗರಿಯನ್ನು ಒಣಗಿಸಿ, ಬೆರಳಗಲ ಸೀಳಿ, ಓದುವ ಸಾಲಿಗೆ ಒತ್ತಿ ಹಿಡಿಯಬೇಕು. ಆಗ ಮಗುವಿನ ಕಣ್ಣು ಆ ಕಡೆ ಈ ಕಡೆ ಹೋಗುವುದಿಲ್ಲ. ಎಲ್ಲರಿಗೂ ಒಂದೊಂದು ಗರಿ ಮಾಡಿಕೊಟ್ಟಿದ್ದಳು. ನನ್ನದನ್ನು ನಾನು ಎಷ್ಟೋ ದಿನ ಇಟ್ಟುಕೊಂಡಿದ್ದೆ.

ಒಂದೇ ಒಂದು ತೊಂದರೆ ಇತ್ತು. ಸಾಲು ಮುಗಿದ ಕೂಡಲೇ ನಾವೆಲ್ಲ ನಿಂತುಬಿಡುತ್ತಿದ್ದೆವು. ಮುಂದಿನ ಸಾಲಿಗೆ ಹೋಗಲು ಒಬ್ಬೊಬ್ಬರಿಗೂ ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಬೇಕಾಗುತ್ತಿತ್ತು. ಓದು ಕುಂಟುತ್ತಿತ್ತು.

ಅನಸ್ತಮ್ಮ ಜಗಲಿಯಿಂದ ಕೇಳಿಸಿಕೊಂಡರು.

"ಸಾಲಿನ ತುದಿಗೆ ಬಂದು ಯಾಕೆ ನಿಲ್ತಾರೆ ಇವರು?"

"ಗೊತ್ತಾಗ್ತಿಲ್ಲ ಸಿಸ್ಟರ್. ನಾನು ಕಲೀವಾಗ ಹಾಗೆ ನಿಲ್ತಿರಲಿಲ್ಲ."

"ಕಲಿಸಿದವರನ್ನ ಕೇಳಬಹುದಿತ್ತು."

ಸಗಾಯ ಗರಿಗಳನ್ನು ಎತ್ತಿಡತೊಡಗಿದಳು.

"ಹೌದಲ್ಲ, ಮರೆತೇಬಿಟ್ಟೆ," ಅಂದರು ಅನಸ್ತಮ್ಮ. "ತೀರ್ಕೊಂಡವರನ್ನ ಹೇಗೆ ಕೇಳೋದು?"

ಅವರ ಮುಖದಲ್ಲಿ ನಗು ಇತ್ತೋ ಇಲ್ಲವೋ ಅಂತ ಸಗಾಯಳಿಗೆ ಗೊತ್ತಾಗಲಿಲ್ಲ. ಅನಸ್ತಮ್ಮನ ಮುಖವೇ ಹಾಗೆ.

ಹೀಗೆ ಐದು ತಿಂಗಳು ಹೋಯಿತು.

ನವೆಂಬರ್ ಎರಡು ನಮ್ಮಲ್ಲಿ ಸತ್ತವರ ದಿನ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಶಾಲೆಯ ಮಕ್ಕಳು ತಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರನ್ನು ಚೀಟಿಯಲ್ಲಿ ಬರೆದು ಒಂದು ಬಿದಿರ ಬುಟ್ಟಿಗೆ ಹಾಕಬೇಕು. ಒಬ್ಬ ಟೀಚರು ಅದನ್ನು ಒಂದೊಂದಾಗಿ ತೆಗೆದು ಓದುತ್ತಾರೆ, ಮಕ್ಕಳು ನಿತ್ಯ ವಿಶ್ರಾಂತಿ ಹೇಳುತ್ತಾರೆ. ಚರ್ಚಿಗೆ ಬಾರದ ಮನೆಯ ಮಕ್ಕಳೂ ಬರೆಯುತ್ತಿದ್ದರು. ಅಜ್ಜಿ ಎಲ್ಲರಿಗೂ ಅಜ್ಜಿಯೇ ತಾನೆ.

"ಈ ವರ್ಷ ಎರಡನೇ ಕ್ಲಾಸಿನ ಬುಟ್ಟಿ ನೀನು ಓದು," ಅಂದರು ಅನಸ್ತಮ್ಮ.

ಸಗಾಯ ಬುಟ್ಟಿ ಹಿಡಿದು ಸಮಾಧಿಗಳ ನಡುವೆ ನಿಂತಳು. ಮೊದಲ ಚೀಟಿ ತೆಗೆದಳು.

"ದಾಸಪ್ಪ. ರೋಸಿಯ ತಾತ."

"ನಿತ್ಯ ವಿಶ್ರಾಂತಿ ಕೊಡಲಿ."

ಎರಡನೆಯದು ತೆಗೆದಳು. ಅದರಲ್ಲಿ ಇನ್ನಾಸಪ್ಪ, ಟೀಚರ ಅಪ್ಪ ಅಂತ ಇತ್ತು.

ಅದನ್ನು ಬೆರಳ ಸಂದಿಯಲ್ಲಿ ಮಡಚಿಟ್ಟುಕೊಂಡು ಮೂರನೆಯದು ತೆಗೆದಳು. ಅದರಲ್ಲೂ ಇನ್ನಾಸಪ್ಪ. ನಾಲ್ಕನೆಯದರಲ್ಲಿ ಯಾರದೋ ಚಿಕ್ಕಮ್ಮ ಇದ್ದರು, ಅದನ್ನು ಓದಿದಳು. ಐದನೆಯದು ಇನ್ನಾಸಪ್ಪ. ಆರನೆಯದೂ ಇನ್ನಾಸಪ್ಪ.

ಒಬ್ಬರಿಗೊಬ್ಬರು ಹೇಳಿಕೊಂಡು ಬರೆದದ್ದಲ್ಲ ಅದು. ಟೀಚರ ಅಪ್ಪನ ಹೆಸರು ಯಾರೂ ಬರೆಯುವುದಿಲ್ಲವೇನೋ ಅಂತ ನಾವು ಒಬ್ಬೊಬ್ಬರೂ ಯೋಚನೆ ಮಾಡಿದ್ದೆವು, ಅಷ್ಟೇ.

ಸಗಾಯ ಏಳನೆಯದಕ್ಕೆ ಕೈ ಹಾಕಲಿಲ್ಲ.

"ಓದಿ ಟೀಚರ್," ಅಂದಳು ಮುಂದೆ ನಿಂತಿದ್ದ ಮಾದೇವಿ. ಅವಳು ಕುರುಬರ ಕೇರಿಯವಳು. ಕೈಯಲ್ಲಿ ಹಚ್ಚದ ಬತ್ತಿಯೊಂದಿತ್ತು.

"ನೀನು ಯಾರ ಹೆಸರು ಬರೆದೆ ಮಾದೇವಿ?"

"ನಿಮ್ಮಪ್ಪನ್ದು. ನಮ್ಮ ಮನೇಲಿ ಯಾರೂ ಸತ್ತಿಲ್ಲ ಟೀಚರ್. ಅದಕ್ಕೆ ಬತ್ತೀನೂ ಅವರಿಗೇ ತಂದೆ. ಅವರದು ಯಾವುದು, ತೋರಿಸಿ?"

ಸಗಾಯ ಸುತ್ತ ಇದ್ದ ಸಮಾಧಿಗಳನ್ನು ನೋಡಿದಳು. ಆಮೇಲೆ ಅನಸ್ತಮ್ಮನನ್ನು ನೋಡಿದಳು. ಅನಸ್ತಮ್ಮ ಒಂದು ಕಲ್ಲಿನ ಮೇಲಿನ ಒಣ ಎಲೆ ತೆಗೆಯುತ್ತಿದ್ದರು, ಇತ್ತ ತಿರುಗಲಿಲ್ಲ.

"ಇಲ್ಲಿ ಇಲ್ಲ," ಅಂದಳು ಸಗಾಯ.

"ಮತ್ತೆ ಎಲ್ಲಿ?"

"ನೇರಳಹಟ್ಟೀಲಿ. ಅವರು ಸತ್ತಿಲ್ಲ. ನಾನು ನಿಮಗೆ ಸುಳ್ಳು ಹೇಳಿದೆ. ಜೂನಿನಿಂದ ದಿನಾ ಸುಳ್ಳು ಹೇಳಿದೆ."

ಹೇಳಿ ಅಳಲು ಶುರುಮಾಡಿದಳು. ಟೀಚರು ಅಳುವುದನ್ನು ನಾವು ನೋಡಿರಲಿಲ್ಲ. ಕೆಲವರು ತಾವೂ ಅತ್ತರು. ನನಗೆ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಾನು ಕಣ್ಣು ಮುಚ್ಚಿ, ಕೈ ಜೋಡಿಸಿ ಕೇಳಿಕೊಂಡಿದ್ದೆ.

ಮಾದೇವಿ ಲೆಕ್ಕದಲ್ಲಿ ಗಟ್ಟಿ. ಅವಳು ಅನಸ್ತಮ್ಮನ ಹತ್ತಿರ ಹೋಗಿ ಕೇಳಿದಳು.

"ಹಾಗಾದ್ರೆ ಇಷ್ಟು ದಿನ ನಾವು ಕೇಳಿಕೊಂಡಿದ್ದು ಯಾರಿಗೆ ಹೋಯ್ತು ಸಿಸ್ಟರ್?"

"ಅವರಿಗೇ ಹೋಯ್ತು," ಅಂದರು ಅನಸ್ತಮ್ಮ. "ಬದುಕಿರೋರಿಗೆ ವಿಶ್ರಾಂತಿ ಬೇಡವಾ?"

ಮಾದೇವಿ ಯೋಚನೆ ಮಾಡಿದಳು. ಅವಳ ಅಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದವಳು ಮಲಗುವ ತನಕ ಕೂರುತ್ತಿರಲಿಲ್ಲ. ಬೇಕು ಅಂತ ತಲೆ ಆಡಿಸಿದಳು.

"ಈ ಬತ್ತಿ ಏನು ಮಾಡ್ಲಿ?"

"ಯಾರಿಗೆ ತಂದೆಯೋ ಅವರಿಗೆ ಮುಟ್ಟಬೇಕು. ನಿಮ್ಮ ಟೀಚರಿಗೆ ಕೊಡು."

ಮಾದೇವಿ ಕೊಟ್ಟಳು. ಸಗಾಯ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತೆಗೆದುಕೊಂಡಳು.

ಮಕ್ಕಳನ್ನು ಆಚೆ ಕಳಿಸಿದ ಮೇಲೆ ಗುರು ಶಿಷ್ಯೆ ಇಬ್ಬರೇ ಉಳಿದರು.

"ಭಾನುವಾರ ಹೋಗ್ತೀನಿ ಸಿಸ್ಟರ್."

"ಇವತ್ತು ಹೋಗು."

"ಮನಸ್ಸು ಗಟ್ಟಿ ಮಾಡ್ಕೋಬೇಕು. ಏಳು ವರ್ಷ ಆಯ್ತು."

ಅನಸ್ತಮ್ಮ ತಾವು ಎಲೆ ತೆಗೆಯುತ್ತಿದ್ದ ಕಲ್ಲನ್ನು ತೋರಿಸಿದರು.

"ಇವರು ಮದರ್ ಪೆಲಾಜಿ. ದಿನಾ ನಾನು ಹೇಳೋ ಹೆಸರು ನೀನೂ ಕೇಳಿದ್ದೀಯ."

"ಕೇಳಿದ್ದೀನಿ. ನಿಮಗೆ ಟೀಚರ ಕೆಲಸ ಕಲಿಸಿದವರು."

"ಸುಳ್ಳಿ ಅಂತ ಒಂದು ಸಲ ಎಲ್ಲರ ಮುಂದೆ ನನ್ನ ಮಂಡಿ ಊರಿಸಿ ನಿಲ್ಲಿಸಿದ್ರು. ನಾನು ಸುಳ್ಳು ಹೇಳಿರಲಿಲ್ಲ. ಅವತ್ತಿಂದ ಬೆಳಿಗ್ಗೆ ಬೆಳಿಗ್ಗೆ ಬೇರೆಯವರ ಹೆಸರು ಹೇಳ್ತಾ ಬಂದೆ. ಅವರು ನಾನೀಗ ಕೂರೋ ಜಗಲಿ ಮೇಲೇ ಕೂತು ಕೇಳಿಸ್ಕೊಳ್ತಿದ್ರು. ಒಂಬತ್ತು ವರ್ಷ ಅವರ ಹೆಸರು ಹೇಳಲಿಲ್ಲ."

"ಆಮೇಲೆ?"

"ಒಂದು ಬುಧವಾರ ಹೇಳಿದೆ. ಅದರ ಹಿಂದಿನ ದಿನ, ಮಂಗಳವಾರ, ಅವರನ್ನ ಇಲ್ಲಿ ಮಣ್ಣು ಮಾಡಿದ್ವಿ. ಮೂವತ್ತು ವರ್ಷ ಆಯ್ತು."

ಸಗಾಯ ಹೊರಟಳು.

ಹೊಳೆ ದಂಡೆ ಹಿಡಿದು ನಡೆದಳು. ನೇರಳಹಟ್ಟಿ ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಪ್ಪ ಮನೆಯ ಮುಂದೆ ಕೂತು, ಯಾರದೋ ತೋಟದಿಂದ ಬಿಡಿಸಿ ತಂದ ಕನಕಾಂಬರ ಕಟ್ಟುತ್ತಿದ್ದರು. ಈಗ ಅದೇ ಅವರ ಕೂಲಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಮಗಳನ್ನು ನೋಡಿ ಎದ್ದರು. ಮತ್ತೆ ಕೂತರು.

"ಬಾ," ಅಂದರು. "ಕುಡಿಯೋದು ಬಿಟ್ಟೆ. ಎರಡು ವರ್ಷ ಆಯ್ತು."

"ಒಂದೂವರೆ," ಅಂದಳು ಪಕ್ಕದ ಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸು.

"ಒಂದೂವರೆ," ಅಂತ ಇನ್ನಾಸಪ್ಪ ಒಪ್ಪಿಕೊಂಡರು.

ಸಗಾಯ ಬತ್ತಿಯನ್ನು ಅವರ ಮುಂದಿಟ್ಟಳು.

"ಅಪ್ಪಾ, ನಾನು ನಿನ್ನ ಸಾಯಿಸಿಬಿಟ್ಟಿದ್ದೆ," ಅಂದಳು. ಎಲ್ಲವನ್ನೂ ಹೇಳಿದಳು. ಮಕ್ಕಳ ಪ್ರಶ್ನೆ ಹೇಳಿದಳು, ತನ್ನ ಉತ್ತರ ಹೇಳಿದಳು, ಬುಟ್ಟಿಯ ಚೀಟಿಗಳನ್ನೂ ಹೇಳಿದಳು.

ಇನ್ನಾಸಪ್ಪ ಕೈಯಲ್ಲಿದ್ದ ಹೂವು ಕೆಳಗಿಟ್ಟರು.

"ಎಷ್ಟು ಮಕ್ಕಳು?"

"ನಲವತ್ತೊಂದು."

"ದಿನಾ ಹೇಳ್ತಿದ್ರಾ?"

"ರಜ ಬಿಟ್ಟು ದಿನಾ."

ಅವರು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು.

"ನಮ್ಮ ಬಿಷಪ್ ಸ್ವಾಮಿಗಳಿಗೂ ಇಷ್ಟು ಜಪ ಸಿಕ್ಕಿರಲ್ಲ," ಅಂದರು. ನಗಲು ಹೋದರು, ಆಗಲಿಲ್ಲ. ಹೊಳೆ ಕಡೆ ಮುಖ ತಿರುಗಿಸಿದರು.

"ನೀನು ಅವತ್ತು ನನ್ನ ಎತ್ತೋಕೆ ಬಂದೆ," ಅಂದರು. "ನಾನು ತಳ್ಳಿದೆ. ಬಿದ್ದದ್ದು ನೆನಪಿಲ್ಲ ನನಗೆ, ತಳ್ಳಿದ್ದು ನೆನಪಿದೆ. ಅದನ್ನ ಮರೆಯೋಕೇ ಆಮೇಲೆ ಇನ್ನ ಜಾಸ್ತಿ ಕುಡಿದೆ."

ಸಗಾಯ ಅವರ ಕೈ ಹಿಡಿದುಕೊಂಡಳು. ಹೂವಿನ ಬಣ್ಣ ಅವರ ಬೆರಳಿಗೆ ಹತ್ತಿತ್ತು. ಇಬ್ಬರೂ ಅತ್ತರು. ಪಕ್ಕದ ಮನೆಯವಳು ಮೊರ ಎತ್ತಿಕೊಂಡು ಒಳಗೆ ಹೋದಳು, ಅಷ್ಟು ತಿಳುವಳಿಕೆ ಅವಳಿಗಿತ್ತು.

"ಓದು ಹೇಗೆ ಹೇಳಿಕೊಡ್ತೀಯ?" ಅಂತ ಇನ್ನಾಸಪ್ಪ ಕೇಳಿದರು.

"ನೀನು ಹೇಳಿಕೊಟ್ಟ ಹಾಗೇ. ಗರಿ ಹಿಡಿದು."

"ತೋರಿಸು ನೋಡೋಣ."

ಒಳಗಿಂದ ಹಳೇ ಜಪದ ಪುಸ್ತಕ ತಂದರು. ಸಗಾಯ ಚೀಲದಿಂದ ಗರಿ ತೆಗೆದು ಒಂದು ಸಾಲಿನ ಕೆಳಗೆ ಹಿಡಿದಳು. ಹಿಡಿದು ಓದಿ ತೋರಿಸಿದಳು.

ಇನ್ನಾಸಪ್ಪ ಹುಬ್ಬು ಗಂಟಿಕ್ಕಿದರು. ಏಳು ವರ್ಷದ ಕಣ್ಣೀರು ಇನ್ನೂ ಆರಿರಲಿಲ್ಲ, ಆಗಲೇ ಮೇಷ್ಟ್ರಾಗಿಬಿಟ್ಟಿದ್ದರು.

"ಯಾರು ಹೇಳಿದ್ದು ನಿನಗೆ ಕೆಳಗೆ ಹಿಡಿ ಅಂತ?"

"ನೀನೇ."

"ನಾನು ಯಾವತ್ತೂ ಹಾಗೆ ಹೇಳಿಲ್ಲ. ಗರೀನ ಸಾಲಿನ ಮೇಲ್ಗಡೆ ಹಿಡೀಬೇಕು. ಕೆಳಗೆ ಹಿಡಿದ್ರೆ ಮುಂದಿನ ಸಾಲು ಮಗೂಗೆ ಹೇಗೆ ಕಾಣುತ್ತೆ? ಸಾಲಿನ ತುದಿಗೆ ಬಂದು ನಿಲ್ತಾರಲ್ಲ ನಿನ್ನ ಮಕ್ಕಳು?"

ಸಗಾಯ ಬಾಯಿ ಬಿಟ್ಟು ನೋಡಿದಳು.

"ಓದಿ ಮುಗಿಸಿದ್ದನ್ನ ಮುಚ್ಚಬೇಕು ಕಣಮ್ಮ," ಅಂದರು. "ಓದಬೇಕಾದ್ದನ್ನಲ್ಲ."

ಮಾರನೇ ದಿನ ಸಗಾಯ ಕ್ಲಾಸಿಗೆ ಬಂದಳು. ಕಣ್ಣು ಊದಿತ್ತು, ಮುಖ ಮಾತ್ರ ಗೆಲುವಾಗಿತ್ತು.

"ನನಗೆ ಓದೋದು ಕಲಿಸಿದವರು ನಮ್ಮಪ್ಪ, ನೇರಳಹಟ್ಟಿ ಇನ್ನಾಸಪ್ಪನವರು."

"ಇದ್ದಾರಾ, ಇಲ್ವಾ?" ಅಂತ ಕೇಳಿದೆವು. ಅವತ್ತು ನಾವು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು.

"ಇದ್ದಾರೆ," ಅಂದಳು.

ಐದು ತಿಂಗಳ ಅಭ್ಯಾಸ, ಅರ್ಧ ಕ್ಲಾಸು ನಿತ್ಯ ವಿಶ್ರಾಂತಿ ಅಂದುಬಿಟ್ಟಿತು. ಇನ್ನರ್ಧ ಚೆನ್ನಾಗಿಟ್ಟಿರಲಿ ಅಂದಿತು. ಎಲ್ಲರೂ ನಕ್ಕೆವು, ಟೀಚರೂ ನಕ್ಕರು. ನೋಡಿ, ಈಗ ನನಗೂ ಬಹುವಚನವೇ ಬಂತು. ಆಮೇಲೆ ಇನ್ನೊಂದು ಸಲ, ಸರಿಯಾಗಿ, ಸೂರು ಹಾರಿಹೋಗುವ ಹಾಗೆ ಹೇಳಿದೆವು.

ಗರಿಯನ್ನು ಸಾಲಿನ ಮೇಲ್ಗಡೆ ಹಿಡಿಯಲು ಹೇಳಿಕೊಟ್ಟಳು. ವಾರದೊಳಗೆ ನಮ್ಮ ಓದು ಎಲ್ಲೂ ನಿಲ್ಲದೆ ಹೋಗತೊಡಗಿತು.

ಇದ್ದಾರೆ ಅಂದ ದಿನದ ಸಂಜೆ ಅನಸ್ತಮ್ಮ ಹೊಳೆ ಮೆಟ್ಟಿಲ ಮೇಲಿದ್ದರು. ಸಗಾಯ ಬಂದು ಪಕ್ಕದಲ್ಲಿ ಕೂತಳು.

"ಏನಂದ್ರು ನಿಮ್ಮಪ್ಪ?"

"ತಪ್ಪು ಹಿಡಿದ್ರು ಸಿಸ್ಟರ್."

"ಹೌದಾ?"

"ಏಳು ವರ್ಷ ಆದ್ಮೇಲೆ ಹೋಗಿದ್ದೀನಿ. ಕಾಲು ಹಿಡ್ಕೊಂಡು ಕ್ಷಮೆ ಕೇಳಬೇಕು ಅಂತ ಹೋಗಿದ್ದೀನಿ. ಗರಿ ಹಿಡಿಯೋಕೇ ಬರಲ್ಲ ನಿನಗೆ ಅಂದ್ರು. ಊಟಕ್ಕೆ ಕೂತರೆ ಅಲ್ಲೂ ಬಿಡಲಿಲ್ಲ, ತುಂಬ ಅವಸರದಲ್ಲಿ ಓದ್ತೀಯ, ಪದ ನುಂಗ್ತೀಯ ಅಂದ್ರು. ಹೊರಡುವಾಗ ಮತ್ತೆ ಕೂಗಿ ಕರೆದ್ರು. ಏನೋ ಒಳ್ಳೇದು ಹೇಳ್ತಾರೆ ಅಂತ ತಿರುಗಿದೆ. ಮುಂದಿನ ಭಾನುವಾರ ಬಾ, ಇನ್ನೂ ಏನೇನು ತಪ್ಪು ಹೇಳಿಕೊಡ್ತಿದ್ದೀಯೋ ನೋಡ್ತೀನಿ ಅಂದ್ರು."

ಅನಸ್ತಮ್ಮ ನಕ್ಕರು. ಅವರು ಅಷ್ಟು ಹೊತ್ತು ನಕ್ಕದ್ದನ್ನು ಸಗಾಯ ಯಾವತ್ತೂ ನೋಡಿರಲಿಲ್ಲ. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಇದ್ದರು.

"ಪುಣ್ಯವಂತೆ ಕಣೇ ನೀನು," ಅಂದರು. "ತಿದ್ದೋಕೆ ನಿನಗೆ ಇನ್ನೂ ಒಬ್ಬರಿದ್ದಾರೆ. ನನ್ನ ತಪ್ಪುಗಳು ಮೂವತ್ತು ವರ್ಷದಿಂದ ಹಾಗೇ ಉಳ್ಕೊಂಡಿವೆ."